ನಾಮವೂ ರೂಪವೂ: ಮನೆತನದ ಛಾಯಾಚಿತ್ರಗಳ ಸಂರಕ್ಷಣೆ

ಕನ್ನಡ ನಾಡಿನ ಅನೇಕ ಊರುಗಳ ಹೊರವಲಯದಲ್ಲಿ ವೀರಗಲ್ಲುಗಳು ನಿಂತಿರುವುದನ್ನು ವಾಚಕರು ಕಂಡಿರಬಹುದು. ಅವುಗಳಲ್ಲಿ ಕೆಲವಕ್ಕೆ ಶಾಸನವುಂಟು. ಮಡಿದವನಾರು, ಯಾವ ಅರಸನ ಕಾಲದಲ್ಲಿ, ಯಾವ ತುರುಗೋಳಿನಲ್ಲಿ ಬಿದ್ದನು ಎಂಬುದು ಅದರಿಂದ ತಿಳಿದುಬರುತ್ತದೆ. ಮತ್ತೆ ಕೆಲವು ಕಲ್ಲುಗಳಲ್ಲಿ ಶಿಲ್ಪವು ಮಾತ್ರ ಇದ್ದು ಅಕ್ಷರವಿಲ್ಲ. ವೀರನ ಕೈಯ ಆಯುಧವೂ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರೂ ಸ್ಪಷ್ಟವಾಗಿ ಕಾಣುತ್ತಾರೆ. ಆದರೆ ಅವನು ಯಾರ ಮಗನೆಂದು ಹೇಳಬಲ್ಲವರು ಆ ಊರಿನಲ್ಲಿ ಒಬ್ಬರೂ ಇಲ್ಲ. ರೂಪವು ಉಳಿದು ನಾಮವು ಅಳಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ. ಇಂದು ಮನೆಮನೆಯ ಪೆಟ್ಟಿಗೆಗಳಲ್ಲಿ ಬಿದ್ದಿರುವ ಹಳೆಯ ಛಾಯಾಚಿತ್ರಗಳಿಗೂ ಇದೇ ಗತಿಯು ಒದಗುತ್ತಲಿದೆ.

ಪೂರ್ವದಲ್ಲಿ ಸ್ಥಿತಿಯು ಇದಕ್ಕೆ ವಿಪರೀತವಾಗಿದ್ದಿತು. ಶ್ರಾದ್ಧಕಾಲದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರ ನಾಮಗೋತ್ರಗಳನ್ನು ಉಚ್ಚರಿಸುವ ಸಂಪ್ರದಾಯವುಳ್ಳ ಮನೆಗಳಲ್ಲಿ ಮೂರು ತಲೆಮಾರಿನ ಹೆಸರುಗಳು ಬಾಯಲ್ಲಿ ನೆಲಸಿದ್ದವು. ಆದರೆ ಮುತ್ತಜ್ಜನ ಮುಖವನ್ನು ಬಲ್ಲ ಮರಿಮಗನು ವಿರಳ. ಚಿತ್ರಗಾರನಿಂದ ತನ್ನ ಪ್ರತಿಕೃತಿಯನ್ನು ಬರೆಯಿಸಿಕೊಳ್ಳುವ ಯೋಗವು ಅರಸರಿಗೂ ಸಿರಿವಂತರಿಗೂ ಮಾತ್ರ ಇದ್ದಿತು. ಸಾಮಾನ್ಯನ ಮುಖವು ಅವನ ದೇಹದೊಡನೆಯೇ ಬೂದಿಯಾಗುತ್ತಿತ್ತು, ಇಲ್ಲವೆ ಮಣ್ಣಾಗುತ್ತಿತ್ತು.

ಈ ವ್ಯವಸ್ಥೆಯು ಕ್ರಿ. ಶ. 1839ರಲ್ಲಿ ಬದಲಾಯಿತು. ಆ ವರ್ಷ ಫ್ರಾನ್ಸು ದೇಶದ ಡಾಗೇರನು ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬೆಳಕಿನಿಂದಲೇ ಚಿತ್ರವನ್ನು ಮೂಡಿಸುವ ವಿಧಾನವು ಲೋಕಕ್ಕೆ ತಿಳಿಯಿತು. ಆದರೆ ಒಂದು ತಗಡಿಗೆ ಒಂದೇ ಚಿತ್ರ, ಅದಕ್ಕೆ ಪ್ರತಿಯಿಲ್ಲ. ಇಂಗ್ಲೆಂಡಿನ ಟಾಲ್ಬಟನು ಕಾಗದದ ನೆಗೆಟಿವಿನಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವ ಮಾರ್ಗವನ್ನು ಕಂಡುಕೊಂಡನು. ನಾಶವಾಗತಕ್ಕ ವಸ್ತುವನ್ನು ಪ್ರತಿಗಳಿಂದ ಉಳಿಸಿಕೊಳ್ಳಬಹುದೆಂಬ ಮಾತಿಗೆ ಅಂದೇ ಬೀಜಾರೋಪಣವಾಯಿತು.

ಈ ವಿದ್ಯೆಯು ಕನ್ನಡ ನಾಡಿಗೆ ಬರಲು ತಡವಾಗಲಿಲ್ಲ. 1854ರಲ್ಲಿ ಲಿನಿಯಸ್ ಟ್ರೈಪನು ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದನು. ಆ ನೆಗೆಟಿವುಗಳು ನೂರು ವರ್ಷಗಳಿಗೂ ಮಿಗಿಲಾಗಿ ವಿದ್ವಾಂಸರ ಕಣ್ಣಿಗೆ ಬೀಳದೆ ಇದ್ದು, ಬಳಿಕ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತಿದ್ದ ಎಡೆಗಳಲ್ಲಿಯೇ ನಿಂತು ಅವೇ ದೃಶ್ಯಗಳನ್ನು ಪುನಃ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ, ನಡುವಣ ಕಾಲದಲ್ಲಿ ಯಾವ ಕಂಬವು ಬಿದ್ದಿತು, ಯಾವ ಗೋಡೆಯು ಉಳಿಯಿತು ಎಂಬುದು ತಾನಾಗಿಯೇ ವಿಶದವಾಗುತ್ತದೆ. ಇದು ಸಾಧ್ಯವಾದುದಕ್ಕೆ ಕಾರಣವು ಒಂದೇ: ಕಲ್ಲುಕಟ್ಟಡವು ಇದ್ದಲ್ಲಿಯೇ ಇದ್ದು ತನ್ನ ಗುರುತನ್ನು ತಾನೇ ಹೇಳುತ್ತದೆ. ಮನುಷ್ಯನ ಮುಖಕ್ಕೆ ಆ ಸೌಕರ್ಯವಿಲ್ಲ.

1871ರಲ್ಲಿ ಮ್ಯಾಡಾಕ್ಸನು ಜೆಲಟಿನ್ ಲೇಪನದ ಒಣಫಲಕವನ್ನು ಸೂಚಿಸಿದ ತರುವಾಯ ಛಾಯಾಗ್ರಾಹಕನ ಕಾರ್ಯವು ಸುಲಭವಾಯಿತು. ಕ್ರಮೇಣ ಪಟ್ಟಣಗಳಲ್ಲಿ ಸ್ಟುಡಿಯೋಗಳು ತಲೆಯೆತ್ತಿದವು. ಬಣ್ಣ ಬಳಿದ ಪರದೆ, ಕೆತ್ತನೆಯ ಕುರ್ಚಿ, ಹಿಂದೆ ಸಾಲಾಗಿ ನಿಂತ ಸಂಸಾರ. ಇಂತಹ ಪಟಗಳು ಪಡಸಾಲೆಯ ಗೋಡೆಯನ್ನೇರಿದವು. ಹಲವು ಮನೆಗಳಲ್ಲಿ ಹೆಣ್ಣುಮಕ್ಕಳ ಮುಖವು ಮೊದಲು ಮೂಡಿದುದು ಮದುವೆಯ ಪಟದಲ್ಲಿಯೇ. ವಂಶವೃಕ್ಷದಲ್ಲಿ ಹೆಸರು ಕಾಣಿಸದ ಸೋದರತ್ತೆಯೂ ವಿಧವೆಯಾಗಿ ತೌರಿಗೆ ಮರಳಿದ ಅಕ್ಕನೂ ಅಂತಹ ಪಟದ ಒಂದು ಮೂಲೆಯಲ್ಲಿ ನಿಂತಿರುತ್ತಾರೆ. ಅವರು ಇದ್ದರೆಂಬುದಕ್ಕೆ ಅದೊಂದೇ ಸಾಕ್ಷಿಯಾಗಿರುವುದೂ ಉಂಟು.

ಈ ಸಾಕ್ಷಿಗೆ ಶತ್ರುಗಳು ಹಲವರು. ಜೆಲಟಿನ್ ಎಂಬುದು ಪ್ರಾಣಿಜನ್ಯ ವಸ್ತುವಾದುದರಿಂದ ತೇವವಿದ್ದಲ್ಲಿ ಬೂಷ್ಟು ಹಿಡಿಯುತ್ತದೆ. ಹುಳುಗಳೂ ಅದನ್ನು ತಿನ್ನುತ್ತವೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲವೊಂದೇ ಇದಕ್ಕೆ ಸಾಕು. ಅಗ್ಗದ ಕಾಗದದ ಆಮ್ಲವು ಪಟವನ್ನು ಹಳದಿಗೊಳಿಸುತ್ತದೆ. ಕಪ್ಪುಬಿಳುಪಿನ ಪಟಗಳಾದರೂ ಚೆನ್ನಾಗಿ ತೊಳೆದು ಸಿದ್ಧಪಡಿಸಿದ್ದರೆ ಬಹುಕಾಲ ನಿಲ್ಲುತ್ತವೆ. ಆದರೆ 1970ರ ದಶಕದ ಬಣ್ಣದ ಪಟಗಳಲ್ಲಿ ಅನೇಕವು ನೀಲಿಯ ಅಂಶವನ್ನು ಕಳೆದುಕೊಂಡು ಈಗಾಗಲೇ ಕೆಂಪಡರಿವೆ. ಹೀಗೆ ತಾತನಿಗಿಂತ ಮೊಮ್ಮಗನ ಪಟವೇ ಮೊದಲು ಮಾಸುವ ವಿಚಿತ್ರವೂ ನಡೆದಿದೆ.

ಇದಕ್ಕೆ ಪರಿಹಾರವಾಗಿ ಇಂದು ರೂಢಿಯಲ್ಲಿರುವುದು ಚಿತ್ರವನ್ನು ಅಂಕಿಗಳಾಗಿ ಪರಿವರ್ತಿಸಿ ಗಣಕಯಂತ್ರದಲ್ಲಿ ಇರಿಸುವ ಪದ್ಧತಿ. ಇದರ ಮೂಲವು ಸ್ವಾರಸ್ಯವಾದುದು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕರ್ಶ್ ಎಂಬ ವಿಜ್ಞಾನಿಯು ಚಿತ್ರವನ್ನು ಯಂತ್ರಕ್ಕೆ ಓದಿಸುವ ಉಪಕರಣವನ್ನು ರಚಿಸಿ, ಅದರಲ್ಲಿ ಮೊಟ್ಟಮೊದಲಿಗೆ ಇಟ್ಟುದು ಮೂರು ತಿಂಗಳ ತನ್ನ ಕೂಸಿನ ಪಟವನ್ನು. ಅಡ್ಡಕ್ಕೆ 176, ಉದ್ದಕ್ಕೆ 176, ಒಟ್ಟು 30,976 ಬಿಂದುಗಳಲ್ಲಿ ಆ ಮುಖವು ಮೂಡಿತು. ಗಣಕಯಂತ್ರವು ಓದಿದ ಪ್ರಥಮ ಛಾಯಾಚಿತ್ರವು ಯಾವ ಚಕ್ರವರ್ತಿಯದೂ ಅಲ್ಲ. ತಂದೆಯೊಬ್ಬನು ತೆಗೆದಿರಿಸಿದ್ದ ಮಗುವಿನ ಪಟ.

ಪಟಗಳ ಬೆಲೆಯೇನೆಂಬುದನ್ನು ಜಪಾನಿನ ಜನರು 2011ರಲ್ಲಿ ದುಃಖದಿಂದ ಅರಿತರು. ಆ ವರ್ಷದ ಮಾರ್ಚಿ 11ರಂದು ಸುನಾಮಿಯ ತೆರೆಯು ಮಿಯಾಗಿ ಪ್ರಾಂತದ ಯಾಮಾಮೊಟೊ ಎಂಬ ಊರನ್ನು ಹೊಡೆಯಿತು. ನೀರಿಳಿದ ಮೇಲೆ ಕೆಸರಿನಲ್ಲಿ ಹುದುಗಿದ್ದ ಛಾಯಾಚಿತ್ರಗಳನ್ನು ಎತ್ತಿಡಲಾಯಿತು. ಅವು ಸುಮಾರು 7,50,000. ಸ್ವಯಂಸೇವಕರು ಒಂದೊಂದನ್ನೂ ತಿಳಿನೀರಿನಲ್ಲಿ ತೊಳೆದು, ಒಣಗಿಸಿ, ಅಂಕೀಕರಿಸಿ, ಒಡೆಯರು ಬಂದು ಗುರುತಿಸುವಂತೆ ಅಣಿಗೊಳಿಸಿದರು. ಮನೆಯನ್ನೂ ಮಕ್ಕಳನ್ನೂ ಕಳೆದುಕೊಂಡವರು ಆ ಪಟಗಳಲ್ಲಿ ತಮ್ಮವರನ್ನು ಅರಸಿದರು. ಅನೇಕ ಪಟಗಳು ಒಡೆಯರಿಗೆ ಸೇರಿದವು. ಸೇರದೆ ಉಳಿದವುಗಳಲ್ಲಿ ಮುಖವು ಅಳಿದುಹೋದವು ಕೆಲವು. ಮುಖವಿದ್ದೂ ಗುರುತಿಸುವವರಿಲ್ಲದವು ಮತ್ತೆ ಕೆಲವು. ಯಂತ್ರವು ರೂಪವನ್ನು ಕಾಪಾಡೀತು. ನಾಮವನ್ನು ಕೊಡಬೇಕಾದವನು ಮನುಷ್ಯನೇ.

ಆದಕಾರಣ ಸಂರಕ್ಷಣೆಗೆ ತೊಡಗುವವರು ಎರಡು ಕಾರ್ಯಗಳನ್ನೂ ಜೊತೆಯಾಗಿಯೇ ನಡೆಸತಕ್ಕದ್ದು. ರೂಪರಕ್ಷಣೆಯ ಕ್ರಮವು ಸರಳ: ಪಟವನ್ನು ಮೃದುವಾದ ಬ್ರಷ್ಷಿನಿಂದ ಧೂಳೊರಸಿ, ಅಂಗುಲಕ್ಕೆ 300 ಬಿಂದುಗಳಿಗೆ ಕಡಿಮೆಯಾಗದಂತೆ, ಸಣ್ಣ ಪಟವಾದರೆ 600ರಂತೆ, ಸ್ಕ್ಯಾನ್ ಮಾಡಬೇಕು. ಹಿಂಬದಿಯಲ್ಲಿ ಬರೆಹವೋ ಸ್ಟುಡಿಯೋದ ಮುದ್ರೆಯೋ ಇದ್ದರೆ ಅದನ್ನೂ ಬಿಡಬಾರದು. ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿಟ್ಟು, ಒಂದನ್ನು ಬೇರೆ ಊರಿನ ಬಂಧುಗಳಲ್ಲಿ ಇರಿಸುವುದು ಲೇಸು. ಫ್ಲಾಪಿ ತಟ್ಟೆಗಳನ್ನು ಓದುವ ಯಂತ್ರವೇ ಇಂದು ಮನೆಗಳಲ್ಲಿ ಇಲ್ಲವಾದುದನ್ನು ನೆನೆದು, ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ನಕಲು ಮಾಡುತ್ತಿರಬೇಕು. ತಾಳೆಗರಿಯ ಗ್ರಂಥಗಳು ಉಳಿದು ಬಂದುದೂ ಲಿಪಿಕಾರರು ತಲೆಮಾರು ತಲೆಮಾರಿಗೂ ಪ್ರತಿಮಾಡಿದುದರಿಂದಲೇ ಅಲ್ಲವೆ? ಪ್ರತಿಯಾಯಿತೆಂದು ಮೂಲವನ್ನು ಎಸೆಯುವುದು ಮಾತ್ರ ಅವಿವೇಕ.

ನಾಮರಕ್ಷಣೆಗೆ ಯಂತ್ರವು ಬೇಡ, ತಾಳ್ಮೆಯು ಬೇಕು. ಮನೆಯ ಹಿರಿಯರ ಮುಂದೆ ಪಟವನ್ನಿಟ್ಟು, ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ಸಮಾರಂಭ, ಸುಮಾರು ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಬೇಕು. 2010ರಲ್ಲಿ ಅನೂಷಾ ಯಾದವ್ ಅವರು ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಎಂಬ ಸಂಗ್ರಹವು ಮನೆತನದ ಪಟದೊಡನೆ ಅದರ ಕಥೆಯನ್ನೂ ಕೂಡಿಸಿ ಇರಿಸುತ್ತ ಬಂದುದು ಈ ತತ್ತ್ವವನ್ನು ಅನುಸರಿಸಿಯೇ.

ಪಟವು ಇನ್ನೂ ಹತ್ತು ವರ್ಷ ಕಾಯಬಹುದು. ಅದರಲ್ಲಿರುವವರನ್ನು ಬಲ್ಲ ಎಂಬತ್ತೈದರ ಅಜ್ಜಿಯು ಅಷ್ಟು ಕಾಲ ಕಾಯುವಳೆಂಬ ನಂಬಿಕೆಯಿಲ್ಲ. ಅವಳ ಕಣ್ಣು ಮಂಜಾಗುವ ಮುನ್ನ ಪೆಟ್ಟಿಗೆಯನ್ನು ತೆರೆದ ಮನೆಯಲ್ಲಿ ಪೂರ್ವಜರು ಉಳಿಯುವರು; ತೆರೆಯದ ಮನೆಯಲ್ಲಿ ಅಕ್ಷರವಿಲ್ಲದ ವೀರಗಲ್ಲುಗಳು ಉಳಿಯುವವು.