ಪ್ರತಿನಾಯಕನ ಅಂತರಂಗ

ದುರ್ಯೋಧನನು ತೊಡೆ ಮುರಿದು ಬಿದ್ದ ಕಥೆಯನ್ನು ತರಗತಿಯಲ್ಲಿ ಹೇಳಿ ಮುಗಿಸಿದಾಗ, ಮಕ್ಕಳಲ್ಲಿ ಒಬ್ಬರಲ್ಲ ಒಬ್ಬರು, “ತಪ್ಪು ಅವನದೇ ಅಲ್ಲವೆ ಸಾರ್? ಆದರೂ ಪಾಪ ಅನ್ನಿಸುತ್ತದಲ್ಲ!” ಎಂದು ಕೇಳುವುದುಂಟು. ಕೆಟ್ಟವನು ಸೋತರೆ ಸಂತೋಷಪಡಬೇಕೆಂದು ನಾವೇ ಕಲಿಸಿರುತ್ತೇವೆ. ಮಗುವಿನ ಮನಸ್ಸು ಆ ಪಾಠಕ್ಕೆ ಒಪ್ಪದೆ ನಿಂತಿರುತ್ತದೆ. ಆಗ “ಹಾಗೆಲ್ಲ ಅನ್ನಬಾರದು” ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಈ ಪ್ರಶ್ನೆಯನ್ನು ಕನ್ನಡದ ಕವಿಗಳು ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡಿದ್ದರೆಂಬುದನ್ನು ಉಪಾಧ್ಯಾಯರಾದ ನಾವು ಮರೆಯಬಾರದು.

ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಭಾರತದ ಕೊನೆಯಲ್ಲಿ ಮಹಾಪುರುಷರನ್ನು ನೆನೆಯುವಾಗ, ಛಲಕ್ಕೆ ದುರ್ಯೋಧನನನ್ನೇ ಮಾದರಿಯಾಗಿ ಎಣಿಸಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿದ್ದ ಮುದುವೊಳಲಿನ ರನ್ನನು ಇನ್ನೂ ಮುಂದೆ ಹೋದನು. ಅವನ ‘ಗದಾಯುದ್ಧ’ದಲ್ಲಿ ನಾಯಕನು ಭೀಮ, ಆ ಭೀಮನೊಡನೆ ಸಮೀಕರಿಸಲ್ಪಟ್ಟವನು ಕವಿಯ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ. ಹಾಗಾದರೆ ದುರ್ಯೋಧನನನ್ನು ಎಷ್ಟು ಹೀನನನ್ನಾಗಿ ಮಾಡಿದರೂ ಆಸ್ಥಾನಕ್ಕೆ ಪ್ರಿಯವೇ ಆಗುತ್ತಿತ್ತು. ರನ್ನನು ಹಾಗೆ ಮಾಡಲಿಲ್ಲ.

ಆದರೆ ಅವನು ಅಪರಾಧವನ್ನು ಮರೆಸಲೂ ಇಲ್ಲ. ಕಾವ್ಯದ ಆರಂಭದಲ್ಲಿಯೇ ದ್ರೌಪದಿಯು ತನಗಾದ ಅವಮಾನವನ್ನು ನೆನಪಿಸಿ ಭೀಮನನ್ನು ಕೆರಳಿಸುತ್ತಾಳೆ. ಆಮೇಲೆ ನಾವು ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನನ್ನು ಕಾಣುತ್ತೇವೆ. ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ಅವನು ನಿಂತು ಅಳುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದೆದುರು ಆ ಬಾಲಕನ ಶೌರ್ಯವನ್ನು ಕೊಂಡಾಡುತ್ತಾನೆ. ಹಿರಿಯರು ಸಂಧಿಯ ಮಾತೆತ್ತಿದಾಗ, ಕರ್ಣ ದುಶ್ಶಾಸನರನ್ನು ಕೊಂದವರು ಬದುಕಿರುವವರೆಗೆ ಸಂಧಿ ಸಲ್ಲದೆನ್ನುತ್ತಾನೆ. ರಾಜ್ಯದಾಸೆಯಿಂದ ಮೊದಲಾದ ಹಗೆ ಇಲ್ಲಿ ಸತ್ತವರ ಋಣವಾಗಿ ಮಾರ್ಪಟ್ಟಿದೆ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಆ ಸ್ನೇಹ. ಅವನನ್ನು ಕೊಂದದ್ದೂ ಅದರಿಂದ ಬೆಳೆದ ಛಲವೇ.

ಸುಮಾರು ನೂರು ವರ್ಷಗಳ ತರುವಾಯ ಬಂದ ನಾಗಚಂದ್ರನು ‘ರಾಮಚಂದ್ರ ಚರಿತ ಪುರಾಣ’ದಲ್ಲಿ ಜೈನ ಸಂಪ್ರದಾಯದ ರಾವಣನನ್ನು ಚಿತ್ರಿಸಿದನು. ಈ ರಾವಣನು ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ಕೈಕೊಂಡವನು. ತಾನಾಗಿ ಒಲಿದು ಬಂದ ಉಪರಂಭೆಯನ್ನೂ ತಿದ್ದಿ ಕಳುಹಿಸಿದವನು. ಅಂಥವನ ಚಿತ್ತ ಸೀತೆಯನ್ನು ಕಂಡಾಗ ಕದಡಿತು. ಕೊನೆಗೆ ಅವಳ ದುಃಖವನ್ನೂ ಪತಿನಿಷ್ಠೆಯನ್ನೂ ಕಂಡು ಅವನು ಪಶ್ಚಾತ್ತಾಪಪಟ್ಟನು, ಹಿಂದಿರುಗಿಸಬೇಕೆಂದೂ ನಿಶ್ಚಯಿಸಿದನು. ಆದರೆ ಈಗಲೇ ಒಪ್ಪಿಸಿದರೆ ಲೋಕ ತನ್ನನ್ನು ಹೇಡಿಯೆಂದೀತು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಮೇಲೆ ಒಪ್ಪಿಸುವೆನೆಂದುಕೊಂಡನು. ತಪ್ಪು ಅರಿವಾದ ಮೇಲೂ ಅದನ್ನು ಒಪ್ಪಿಕೊಳ್ಳಲು ಬಿಡದ ಅಭಿಮಾನ! ಅದೇ ಅವನಿಗೆ ಮೃತ್ಯುವಾಯಿತು.

ಸತ್ಪುರುಷನೂ ಅಲ್ಲದ, ಕೇವಲ ದುಷ್ಟನೂ ಅಲ್ಲದ ವ್ಯಕ್ತಿಯು ಯಾವುದೋ ಒಂದು ಪ್ರಮಾದದಿಂದ ಉನ್ನತಿಯಿಂದ ಬಿದ್ದಾಗಲೇ ನಮಗೆ ಕರುಣೆಯೂ ಭಯವೂ ಹುಟ್ಟುತ್ತವೆಯೆಂದು ಗ್ರೀಸಿನ ಅರಿಸ್ಟಾಟಲನು ವಿವರಿಸಿದ್ದನು. ಬಿ. ಎಂ. ಶ್ರೀಕಂಠಯ್ಯನವರು ಈ ಕಣ್ಣಿನಿಂದಲೇ ನಮ್ಮ ಹಳೆಯ ಕಾವ್ಯಗಳನ್ನು ನೋಡಿ, ನಾಗಚಂದ್ರನ ರಾವಣನಲ್ಲಿ ದುರಂತನಾಯಕನನ್ನು ಕಂಡರು. ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದರು.

ಕಾವ್ಯವನ್ನು ಓದಲಾರದವರಿಗೂ ಈ ತಿಳಿವು ನಾಟಕ ಸಿನಿಮಾಗಳಿಂದ ಮುಟ್ಟಿತು. ಅದರಲ್ಲಿ ನಮ್ಮ ತಾಳವಾಡಿಯ ಪಾಲೂ ಇದೆ. 1929ರಲ್ಲಿ ಇಲ್ಲಿಯ ಗಾಜನೂರಿನಲ್ಲಿ ರಂಗನಟ ಪುಟ್ಟಸ್ವಾಮಯ್ಯನವರ ಮಗನಾಗಿ ಹುಟ್ಟಿದ ಮುತ್ತುರಾಜರು ರಾಜ್‌ಕುಮಾರ್ ಎಂದು ಹೆಸರಾದರು. ಸಜ್ಜನ ಪಾತ್ರಗಳಿಗಾಗಿ ಜನ ಅವರನ್ನು ಪೂಜಿಸಿದರೆಂಬುದು ನಿಜ. ಆದರೆ ಅವರು 1958ರ ‘ಭೂಕೈಲಾಸ’ದ ರಾವಣರೂ ಹೌದು, 1959ರ ‘ಮಹಿಷಾಸುರ ಮರ್ದಿನಿ’ಯ ಮಹಿಷಾಸುರರೂ ಹೌದು, 1983ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪುವೂ ಹೌದು. ಗೋಕರ್ಣದ ಕಥೆಯಲ್ಲಿ ರಾವಣನು ಆತ್ಮಲಿಂಗಕ್ಕಾಗಿ ಹೊರಡುವುದು ತಾಯಿಯ ಶಿವಪೂಜೆಯ ನಿಮಿತ್ತ. ಹಿರಣ್ಯಕಶಿಪುವಿನ ಹರಿದ್ವೇಷದ ಹಿಂದೆ ತಮ್ಮ ಹಿರಣ್ಯಾಕ್ಷನ ಸಾವಿನ ಶೋಕವಿದೆ. ತಾಯಿಯ ಮೇಲಿನ ಭಕ್ತಿ, ಒಡಹುಟ್ಟಿದವನ ಮೇಲಿನ ಮಮತೆ: ಇವು ನಮ್ಮೆಲ್ಲರ ಮನೆಯಲ್ಲಿಯೂ ಇರುವಂಥವೇ. ರಾಕ್ಷಸನು ಬೇರೆ ಲೋಕದಿಂದ ಬಂದವನಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾರಣವನ್ನು ತಿಳಿಯುವುದು ಬೇರೆ, ಕ್ಷಮಿಸಿಬಿಡುವುದು ಬೇರೆ. ಶೋಕವು ಹಿರಣ್ಯಕಶಿಪುವಿನ ದ್ವೇಷಕ್ಕೆ ಕಾರಣವಾದೀತು. ಮಗನನ್ನು ಹಿಂಸಿಸಲು ಅಪ್ಪಣೆಯಾಗದು. ರಾವಣನ ಪಶ್ಚಾತ್ತಾಪಕ್ಕೆ ಮರುಗುವವರು ಸೀತೆ ಇನ್ನೂ ಸೆರೆಯಲ್ಲಿಯೇ ಇದ್ದಳೆಂಬುದನ್ನು ಮರೆಯಬಾರದು. ಆದುದರಿಂದ ಇಂಥ ಪಾತ್ರಗಳನ್ನು ಬೋಧಿಸುವಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಸಬಹುದು. ಅವನಿಗೆ ಬೇಕಾಗಿದ್ದುದೇನು? ಹಿಂದಿರುಗಬಹುದಾಗಿದ್ದ ತಿರುವು ಯಾವುದು? ಅವನ ಹಟದ ಬೆಲೆಯನ್ನು ತೆತ್ತವರು ಯಾರು? ಮೊದಲನೆಯದರಿಂದ ಕರುಣೆ, ಎರಡನೆಯದರಿಂದ ವಿವೇಕ, ಮೂರನೆಯದರಿಂದ ನ್ಯಾಯಬುದ್ಧಿ ಬೆಳೆಯುತ್ತವೆ.

ಈ ವಿಚಾರವು ಕಾವ್ಯಕ್ಕೆ ಮಾತ್ರ ಸೇರಿದುದಲ್ಲ. ಪ್ರತಿಯೊಂದು ಶಾಲೆಯಲ್ಲಿಯೂ ‘ಕೆಟ್ಟ ಹುಡುಗ’ನೆಂದು ಹೆಸರು ಪಡೆದವನೊಬ್ಬನಿರುತ್ತಾನೆ. ಸ್ಲೇಟು ಒಡೆದುದಕ್ಕೆ ಶಿಕ್ಷಿಸುವ ನಾವು, ಏಕೆ ಒಡೆದನೆಂದು ಕೇಳುವುದು ಅಪರೂಪ. ಒಮ್ಮೆ ಅಂಟಿದ ಹೆಸರನ್ನೇ ಹಿಡಿದು ಆ ಬಾಲಕನು ಛಲ ಸಾಧಿಸತೊಡಗಿದರೆ, ತಪ್ಪೊಪ್ಪಿಕೊಳ್ಳುವ ಬಾಗಿಲನ್ನು ನಾವೇ ಮುಚ್ಚಿದಂತಾಗುವುದಿಲ್ಲವೆ? ರಾವಣನಿಗೆ ಆ ಬಾಗಿಲು ಕಂಡಿತ್ತು. ಲೋಕಾಪವಾದದ ಭಯದಿಂದ ಅವನು ಅದನ್ನು ದಾಟಲಿಲ್ಲ. ನಮ್ಮ ಮಕ್ಕಳು ತಲೆಯೆತ್ತಿಕೊಂಡೇ ಅದನ್ನು ದಾಟುವಂತೆ ಮಾಡುವುದು ಉಪಾಧ್ಯಾಯರ ಕೈಯಲ್ಲಿದೆ.

“ತಪ್ಪು ಅವನದೇ, ಆದರೂ ಪಾಪ” ಎಂದ ಮಗುವು ತಪ್ಪಾಗಿ ಹೇಳಲಿಲ್ಲ. ಆ ಮಾತಿನ ಎರಡು ಭಾಗಗಳೂ ನಿಜ. ರನ್ನನು ಬಲ್ಲುದನ್ನೇ ಅದು ತನ್ನ ಮಾತಿನಲ್ಲಿ ಹೇಳಿತು.