ಕೋಳಿ ಕಲಿತ ಪಾಠ ನಾಯಿಗೆ ಯಾಕೆ ತಡವಾಯ್ತು?

ನಮ್ಮೂರುಗಳಲ್ಲಿ ನಾಯಿ ಸಾಕದ ಮನೆ ಕಡಿಮೆ. ತೋಟ ಕಾಯೋಕೆ ಒಂದು, ಕುರಿ ಹಿಂಡಿನ ಜೊತೆ ಒಂದು, ಸುಮ್ಮನೆ ಜಗಲಿ ಮೇಲೆ ಮಲಗೋಕೆ ಇನ್ನೊಂದು. ಕರೆದಾಗ ಬರಲಿಲ್ಲ ಅಂದ್ರೆ ನಮ್ಮ ಕೈ ಕೋಲು ಹುಡುಕುತ್ತೆ. ತಡವಾಗಿ ಬಂದರೂ ಒಂದೇಟು ಬೀಳುತ್ತೆ. ನಾಯಿ ಇದರಿಂದ ಕಲಿಯೋದೇನು? ಕರೆದಾಗ ಹೋದರೆ ಏಟು ಗ್ಯಾರಂಟಿ ಅಂತ!

ಈ ಕೋಲಿನ ಪಾಠ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1910ರಲ್ಲಿ ಜರ್ಮನಿಯ ಕಾನ್ರಾಡ್ ಮೋಸ್ಟ್ ನಾಯಿ ತರಬೇತಿಯ ಬಗ್ಗೆ ಪುಸ್ತಕ ಬರೆದರು. ಅವರು ಪೊಲೀಸ್ ನಾಯಿಗಳನ್ನು ಪಳಗಿಸಿದವರು. ಸರಿ ಮಾಡಿದಾಗ ಮೆಚ್ಚಬೇಕು ಅಂತ ಅವರೂ ಹೇಳಿದ್ದರು. ಆದರೆ ಪಟ್ಟಿ ಹಿಡಿದು ಜಗ್ಗುವುದು, ಬಲವಂತ ಮಾಡುವುದು ಅವರ ವಿಧಾನದ ದೊಡ್ಡ ಭಾಗವಾಗಿತ್ತು. ಎಷ್ಟೋ ದಶಕ ಪೊಲೀಸ್ ಮತ್ತು ಸೇನಾ ನಾಯಿಗಳು ಕಲಿತದ್ದು ಹೀಗೆಯೇ.

ಬೇರೆ ದಾರಿಯ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ತಿಂಡಿ ಇಟ್ಟರು. ಬೆಕ್ಕು ಪರದಾಡಿ ಹೇಗೋ ಬಾಗಿಲು ತೆಗೆಯುತ್ತಿತ್ತು. ಮತ್ತೆ ಮತ್ತೆ ಹಾಗೆ ಮಾಡಿದಂತೆ ಬೇಗ ಬೇಗ ತೆಗೆಯತೊಡಗಿತು. ಒಳ್ಳೆಯ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತೆ ಅನ್ನೋದು ಅವರ ತೀರ್ಮಾನ.

ಇದಕ್ಕೆ ಕೈಹಿಡಿತ ಸಿಕ್ಕಿದ್ದು 1943ರಲ್ಲಿ, ಒಂದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ. ಯುದ್ಧದ ಕಾಲ. ಬಾಂಬಿಗೆ ದಾರಿ ತೋರಿಸಲು ಪಾರಿವಾಳ ಪಳಗಿಸುವ ಕೆಲಸದಲ್ಲಿ ಬಿ. ಎಫ್. ಸ್ಕಿನ್ನರ್ ಇದ್ದರು. ಬಿಡುವಿನಲ್ಲಿ ಪಾರಿವಾಳಕ್ಕೆ ಚೆಂಡು ತಳ್ಳುವುದನ್ನು ಕಲಿಸಲು ಹೊರಟರು. ಪೂರ್ತಿ ತಳ್ಳಲಿ ಅಂತ ಕಾದರು, ಆಗಲಿಲ್ಲ. ಆಮೇಲೆ ಚೆಂಡಿನ ಕಡೆ ನೋಡಿದರೂ ಕಾಳು ಕೊಟ್ಟರು, ಹತ್ತಿರ ಹೋದರೆ ಮತ್ತೆ ಕಾಳು. ಕೆಲವೇ ನಿಮಿಷದಲ್ಲಿ ಪಾರಿವಾಳ ಕೊಕ್ಕಿನಿಂದ ಚೆಂಡು ಬಾರಿಸುತ್ತಿತ್ತು!

ಆ ಕೆಲಸದಲ್ಲಿದ್ದ ಕೆಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ ಓದು ಬಿಟ್ಟು 1947ರಲ್ಲಿ ಪ್ರಾಣಿ ತರಬೇತಿಯ ಕಂಪನಿ ಶುರುಮಾಡಿದರು. ಹೊಸ ದಾರಿಯನ್ನು ಮೊದಲು ನಾಯಿ ತರಬೇತುದಾರರ ಮುಂದಿಟ್ಟರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ದಂಪತಿ ಕೋಳಿಗಳಿಗೆ ಆಟ ಕಲಿಸಿ, ಪಶು ಆಹಾರದ ಪ್ರಚಾರಕ್ಕೆ ಒದಗಿಸಿದರು. ಜನ ಮುಗಿಬಿದ್ದು ನೋಡಿದರು.

1963ರಲ್ಲಿ ಕ್ಯಾರೆನ್ ಪ್ರೈಯರ್ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸತೊಡಗಿದರು. ಸರಿ ಮಾಡಿದ ಕ್ಷಣ ಸೀಟಿ, ಹಿಂದೆಯೇ ಮೀನು. ಇದನ್ನು ನಾಯಿ, ಮನುಷ್ಯರಿಗೂ ಅನ್ವಯಿಸಿ 1984ರಲ್ಲಿ ಪುಸ್ತಕ ಬರೆದರು. 1990ರ ದಶಕದಲ್ಲಿ ಸೀಟಿಯ ಬದಲು ಟಿಕ್ ಅನ್ನುವ ಪುಟ್ಟ ಕ್ಲಿಕ್ಕರ್ ಹಿಡಿದು ನಾಯಿಗೆ ಕಲಿಸುವುದು ಎಲ್ಲೆಡೆ ಹಬ್ಬಿತು.

ಪಾರಿವಾಳದಿಂದ ನಾಯಿಗೆ ಬರಲು ಸುಮಾರು 50 ವರ್ಷ ಯಾಕೆ ಬೇಕಾಯ್ತು? ನನಗನ್ನಿಸೋದು ಇಷ್ಟು. ಕೋಳಿಗೆ ಹೊಡೆದರೆ ಹಾರಿಹೋಗುತ್ತೆ. ಡಾಲ್ಫಿನ್ ಕೊರಳಿಗೆ ಹಗ್ಗ ಹಾಕೋಕಾಗಲ್ಲ, ಮುನಿಸಿಕೊಂಡರೆ ನೀರಿನ ಆ ತುದಿಗೆ ಹೋಗುತ್ತೆ. ಅಲ್ಲಿ ಕಲಿಸುವವರೇ ಬದಲಾಗಬೇಕಾಯ್ತು. ನಾಯಿ ಮಾತ್ರ ಏಟು ತಿಂದು ಸಂಜೆಗೆ ಮತ್ತೆ ಬಾಲ ಅಲ್ಲಾಡಿಸುತ್ತೆ. ಅದರ ಆ ನಿಯತ್ತೇ ನಮ್ಮ ತಪ್ಪನ್ನು ಮುಚ್ಚಿಟ್ಟಿತು.

ಕ್ಲಿಕ್ಕರ್ ಕೊಳ್ಳಬೇಕಿಲ್ಲ. ರೊಟ್ಟಿಯ ಸಣ್ಣ ಚೂರು ಮೂಗಿನ ಹತ್ತಿರ ಹಿಡಿದು ನಿಧಾನ ತಲೆಯ ಮೇಲಕ್ಕೆ ಒಯ್ಯಿರಿ. ನಾಯಿ ಕತ್ತೆತ್ತುತ್ತಾ ಕೂರುತ್ತೆ. ಕೂತ ತಕ್ಷಣ "ಭೇಷ್" ಅಂದು ಚೂರು ಕೊಡಿ. ತಡ ಮಾಡಿದರೆ ಎದ್ದು ನಿಂತದ್ದಕ್ಕೆ ಕೊಟ್ಟ ಹಾಗಾಗುತ್ತೆ. ಕೂರುವುದು ರೂಢಿಯಾದ ಮೇಲೆ "ಕೂರು" ಅನ್ನೋ ಮಾತು ಸೇರಿಸಿ. ದಿನಕ್ಕೆ ಐದೈದು ನಿಮಿಷ ಸಾಕು.

ಕರೆದಾಗ ಎಷ್ಟೇ ತಡವಾಗಿ ಬರಲಿ, ಬಂದ ನಾಯಿಗೆ ಹೊಡೆಯಬೇಡಿ. ರಸ್ತೆಗೆ ಲಾರಿ ಬರುವಾಗ ನಿಮ್ಮ ಕೂಗಿಗೆ ಅದು ಓಡಿ ಬರಬೇಕು. ಆ ಹೊತ್ತಿನಲ್ಲಿ ಕೋಲು ನೆನಪಾದರೆ ಅದು ಬರಲಿಕ್ಕಿಲ್ಲ.