ಸರ್ವರ್ ಗ್ರಾಫ್‌ನಲ್ಲಿ ‘500 ಎಂ’ ಎಂದರೆ 50 ಕೋಟಿಯೇ?

ಒಂದು ವೆಬ್‌ಸೈಟ್ ಹ್ಯಾಕ್ ಆಗಿದೆ ಎಂಬ ಸುದ್ದಿಯ ಜೊತೆ ಸರ್ವರ್ ಗ್ರಾಫ್‌ನ ಸ್ಕ್ರೀನ್‌ಶಾಟ್ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂತು ಎಂದುಕೊಳ್ಳಿ. ಗೆರೆ ಮೇಲಕ್ಕೇರಿದೆ, ಪಕ್ಕದಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ‘500 ಎಂ’ ಎಂದಿದೆ. ಕೆಳಗೆ ‘ಸೆಕೆಂಡಿಗೆ 50 ಕೋಟಿ ಲಾಗಿನ್ ಯತ್ನ!’ ಎಂಬ ಒಕ್ಕಣೆ. ಇದನ್ನು ನಂಬಬಹುದೇ?

ಉತ್ತರ: ಇಲ್ಲ. ಅದು ಸೆಕೆಂಡಿಗೆ ಕೇವಲ ಅರ್ಧ.

ಅದು ಹೇಗೆ?

ಅಳತೆಯಲ್ಲಿ ಸಣ್ಣಕ್ಷರದ ‘ಎಂ’ ಎಂದರೆ ಮಿಲಿ, ಅಂದರೆ ಸಾವಿರದಲ್ಲಿ ಒಂದು ಭಾಗ. ಮಿಲಿಲೀಟರ್‌ನಲ್ಲಿರುವುದೂ ಇದೇ. ದೊಡ್ಡಕ್ಷರದ ‘ಎಂ’ ಎಂದರೆ ಮೆಗಾ, ಅಂದರೆ 10 ಲಕ್ಷ. ಒಂದು ಅಕ್ಷರವನ್ನು ತಪ್ಪಾಗಿ ಓದಿದರೆ ಲೆಕ್ಕ 100 ಕೋಟಿ ಪಟ್ಟು ತಪ್ಪುತ್ತದೆ.

ಮುನಿನ್‌ನಂಥ ನಿಗಾ ತಂತ್ರಾಂಶಗಳು ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಲೆಕ್ಕ ತೆಗೆದು, ಅದನ್ನು ಸೆಕೆಂಡಿನ ಸರಾಸರಿಗೆ ಇಳಿಸುತ್ತವೆ. 5 ನಿಮಿಷದಲ್ಲಿ 150 ಲಾಗಿನ್ ಆದರೆ, 300 ಸೆಕೆಂಡಿಗೆ ಭಾಗಿಸಿದಾಗ ಬರುವುದು 0.5. ಗ್ರಾಫ್ ಬಿಡಿಸುವ ತಂತ್ರಾಂಶ ಇದನ್ನೇ ‘500 ಮಿಲಿ’ ಎಂದು ಬರೆಯುತ್ತದೆ. ಲೆಕ್ಕ ಸರಿಯೇ, ಆದರೆ ಅರ್ಧ ಲಾಗಿನ್ ಯಾರೂ ಮಾಡುವುದಿಲ್ಲವಲ್ಲ! ಅದರ ಬದಲು ‘ನಿಮಿಷಕ್ಕೆ 30’ ಎಂದು ತೋರಿಸಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಮುನಿನ್‌ನಲ್ಲಿ ಹಾಗೆ ಬದಲಿಸಲು ಸೆಟ್ಟಿಂಗ್ ಕೂಡ ಇದೆ.

ದಾರಿ ತಪ್ಪಿಸುವ ಇನ್ನೂ ಮೂರು ಅಳತೆಗಳು

• ಬಿಟ್ ಮತ್ತು ಬೈಟ್: 8 ಬಿಟ್ ಸೇರಿದರೆ 1 ಬೈಟ್. ನೆಟ್‌ವರ್ಕ್ ವೇಗವನ್ನು ಸಾಮಾನ್ಯವಾಗಿ ಬಿಟ್‌ನಲ್ಲಿ ಹೇಳುತ್ತಾರೆ. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ.

• 400 ಶೇಕಡಾ ಸಿಪಿಯು: ಪ್ರತಿ ಕೋರ್‌ಗೆ 100 ಎಂದು ಲೆಕ್ಕ ಹಾಕುವ ಗ್ರಾಫ್‌ನಲ್ಲಿ 4 ಕೋರ್‌ನ ಯಂತ್ರಕ್ಕೆ ಗರಿಷ್ಠ ಮಿತಿಯೇ 400. 150 ಕಂಡರೆ ಸರ್ವರ್ ಕುಸಿಯಿತು ಎಂದಲ್ಲ, ಇನ್ನೂ ಅರ್ಧಕ್ಕಿಂತ ಹೆಚ್ಚು ಬಿಡುವಿದೆ ಎಂದರ್ಥ.

• 1000 ಮತ್ತು 1024: 64 ಜಿಬಿ ಪೆನ್‌ಡ್ರೈವ್ ವಿಂಡೋಸ್ ಕಂಪ್ಯೂಟರ್‌ನಲ್ಲಿ ಸುಮಾರು 59.6 ಜಿಬಿ ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದೇ ಕಾರಣ. ಸರ್ವರ್‌ನ ಮೆಮೊರಿ ಗ್ರಾಫ್‌ಗಳಲ್ಲೂ ಈ ವ್ಯತ್ಯಾಸ ಬರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿಕೊಳ್ಳಿ. ಸಂಖ್ಯೆಯ ಪಕ್ಕದ ಅಕ್ಷರ ಸಣ್ಣದೋ ದೊಡ್ಡದೋ? ಅದು ಸೆಕೆಂಡಿನ ಲೆಕ್ಕವೋ, ನಿಮಿಷದ್ದೋ, ದಿನದ್ದೋ? ಗ್ರಾಫ್‌ನ ಗರಿಷ್ಠ ಮಿತಿ ಎಷ್ಟು? ಸ್ಕ್ರೀನ್‌ಶಾಟ್‌ನಲ್ಲಿ ಇವು ಕತ್ತರಿಸಿ ಹೋಗಿದ್ದರೆ ಆ ಚಿತ್ರದಿಂದ ಏನೂ ಸಾಬೀತಾಗುವುದಿಲ್ಲ.

ನಮ್ಮ ತೀರ್ಮಾನ: ಗ್ರಾಫ್ ಅಸಲಿಯೇ ಇರಬಹುದು, ಆದರೆ ಓದಿದ ರೀತಿ ತಪ್ಪು. ‘50 ಕೋಟಿ ದಾಳಿ’ ಎಂದು ಹಂಚಿದರೆ, ಆ ವೆಬ್‌ಸೈಟ್‌ನಲ್ಲಿ ಖಾತೆ ಇರುವವರೆಲ್ಲ ಸುಮ್ಮನೆ ಗಾಬರಿಯಾಗುತ್ತಾರೆ. ಅಳತೆ ಕಾಣದ ಸಂಖ್ಯೆಯನ್ನು ಹಂಚಬೇಡಿ.